ಸ್ಟೇಷನ್ ವ್ಯಾಗನ್: ಉಪಯೋಗವಿದ್ದೂ ಒಲವು ಗಳಿಸದ ಕಾರು

ಬೆಳಗಾವಿ: ರೈಲಿನಿಂದ ಇಳಿದ ಪ್ರಯಾಣಿಕರನ್ನೂ ಅವರ ಟ್ರಂಕು, ಹಾಸಿಗೆ ಸುರುಳಿಗಳನ್ನೂ ಒಟ್ಟಿಗೆ ಮನೆ ಮುಟ್ಟಿಸುವ ವಾಹನಕ್ಕೆ ಅಮೆರಿಕದಲ್ಲಿ ಬಿದ್ದ ಹೆಸರು ಸ್ಟೇಷನ್ ವ್ಯಾಗನ್. ಬ್ರಿಟನ್ನಿನಲ್ಲಿ ಇದನ್ನೇ ಎಸ್ಟೇಟ್ ಕಾರು ಎನ್ನುತ್ತಾರೆ. ರಚನೆ ಸರಳ. ಸೆಡಾನ್ ಕಾರಿನ ಛಾವಣಿಯನ್ನು ಹಿಂದಿನ ತುದಿಯವರೆಗೆ ನೇರವಾಗಿ ಮುಂದುವರಿಸಿ, ಪ್ರತ್ಯೇಕ ಡಿಕ್ಕಿಯ ಬದಲು ಎತ್ತರದ ಹಿಂಬಾಗಿಲು ಇಟ್ಟರೆ ಅದು ವ್ಯಾಗನ್. ಹಿಂದಿನ ಆಸನ ಮಡಚಿದರೆ ಮೂಟೆಗಳಿಗೆ ಸ್ಥಳ, ಎತ್ತಿದರೆ ಐವರಿಗೆ ಸ್ಥಳ. ನೆಲಕ್ಕೆ ಸಮೀಪವಿರುವುದರಿಂದ ತಿರುವುಗಳಲ್ಲಿ ಎತ್ತರದ ಜೀಪುಗಳಿಗಿಂತ ಸ್ಥಿರವೂ ಹೌದು.

ಈ ಲಕ್ಷಣಗಳನ್ನು ನೋಡಿದರೆ ಬೆಳಗಾವಿ–ಖಾನಾಪುರ ಸೀಮೆಯೇ ಇಂಥ ಕಾರಿಗೆ ಹೇಳಿ ಮಾಡಿಸಿದಂತಿದೆ. ಖಾನಾಪುರ ತಾಲ್ಲೂಕಿನ ಬಹುಭಾಗ ಪಶ್ಚಿಮ ಘಟ್ಟದ ಅರಣ್ಯ. ಲೋಂಡಾ ಜಂಕ್ಷನ್ ಇರುವುದೂ ಅಲ್ಲಿಯೇ, ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದೂ ಅಲ್ಲಿಯೇ. ದೊಡ್ಡ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಂದರೆ ಜನ ಬೆಳಗಾವಿಗೇ ಬರಬೇಕು. ಬರಿಗೈಯಲ್ಲಿ ಯಾರೂ ಬರುವುದಿಲ್ಲ, ಬರಿಗೈಯಲ್ಲಿ ಹಿಂದಿರುಗುವುದೂ ಇಲ್ಲ. ಆದರೂ ಈ ರಸ್ತೆಗಳಲ್ಲಿ ಜನರನ್ನೂ ಸರಕನ್ನೂ ಹೊತ್ತದ್ದು ವ್ಯಾಗನ್ ಅಲ್ಲ. ಗಡಿ ಭಾಗದವರು ‘ವಡಾಪ್’ ಎಂದು ಕರೆಯುವ ಟ್ರ್ಯಾಕ್ಸ್, ಸುಮೊಗಳು ಹಾಗೂ ಮಾರುತಿ ಓಮ್ನಿ ಆ ಕೆಲಸ ಮಾಡಿದವು.

ಹೀಗೇಕಾಯಿತು ಎಂಬುದಕ್ಕೆ ಟಾಟಾ ಸಂಸ್ಥೆಯ ಇತಿಹಾಸದಲ್ಲಿ ಸ್ಪಷ್ಟವಾದ ಉದಾಹರಣೆಯಿದೆ. ಆಗ ಟೆಲ್ಕೊ ಎಂದು ಕರೆಯಲಾಗುತ್ತಿದ್ದ ಈ ಸಂಸ್ಥೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ಎಂಬ ಕಾರುಗಳನ್ನು ಹೊರತಂದಿತು. ಎರಡಕ್ಕೂ ತನ್ನದೇ ಪಿಕಪ್ ವಾಹನದ ತಳಪಾಯ, 1948 ಸಿ.ಸಿ. ಡೀಸೆಲ್ ಎಂಜಿನ್. ಎಸ್ಟೇಟ್ ಕಾರಿನಲ್ಲಿದ್ದ ಪವರ್ ಸ್ಟೀರಿಂಗ್, ಪವರ್ ಕಿಟಕಿಗಳು ಅಂಬಾಸಡರ್, ಪದ್ಮಿನಿ ಓಡಿಸುತ್ತಿದ್ದವರಿಗೆ ಕನಸಿನ ಮಾತಾಗಿದ್ದವು. ಆದರೆ ಅಂದು ಟಾಟಾ ಎಂದರೆ ಜನಮನದಲ್ಲಿ ಲಾರಿ. ಲಾರಿ ಕಂಪನಿಯ ದುಬಾರಿ ಕಾರನ್ನು, ಅದೂ ಉದ್ದ ಬೆನ್ನಿನ ಕಾರನ್ನು, ಕೊಳ್ಳಲು ಹೆಚ್ಚು ಮಂದಿ ಮುಂದಾಗಲಿಲ್ಲ. 1994ರಲ್ಲಿ ಅದೇ ತಳಪಾಯದ ಮೇಲೆ ಅದೇ ಎಂಜಿನ್ ಇಟ್ಟು ಸುಮೊ ಬಂದಿತು, ಊರೂರು ತಲುಪಿತು. (ಸುಮೊ ಎಂಬುದು ಜಪಾನಿನ ಕುಸ್ತಿಯ ಹೆಸರಲ್ಲ, ಸಂಸ್ಥೆಯನ್ನು ಬೆಳೆಸಿದ ಸುಮಂತ ಮೂಳಗಾಂವಕರರ ಹೆಸರಿನ ಸಂಕ್ಷೇಪ.) ಕಂಪನಿ ಒಂದೇ, ಎಂಜಿನ್ ಒಂದೇ. ಸೋತದ್ದು ಆಕಾರ.

ಆ ಆಕಾರ ನಮ್ಮವರಿಗೆ ನೆನಪಿಸುತ್ತಿದ್ದುದು ಆಂಬುಲೆನ್ಸನ್ನು ಅಥವಾ ಶವವಾಹನವನ್ನು. ಹೊರಚಾಚಿದ ಡಿಕ್ಕಿ ಇದ್ದರೆ ಮಾತ್ರ ಅದು ‘ಪೂರ್ತಿ ಕಾರು’ ಎಂಬ ಭಾವನೆಯೂ ಬಲವಾಗಿತ್ತು. ಸರಕು ಹೇರುವುದು ಟೆಂಪೋದ ಕೆಲಸ, ಮನೆಯ ಮುಂದೆ ನಿಲ್ಲುವ ಕಾರಿನದಲ್ಲ ಎಂಬ ಅಭಿಮಾನ ಇದರೊಂದಿಗೆ ಸೇರಿಕೊಂಡಿತು.

ನಂತರ ಬಂದವುಗಳ ಪಾಡೂ ಭಿನ್ನವಲ್ಲ. ಮಾರುತಿಯ ಬಲೆನೊ ಆಲ್ಟುರಾ, ಫಿಯೆಟ್ ಸಿಯೆನಾ ವೀಕೆಂಡ್, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ ಎಲ್ಲವೂ ಬಂದು ಮರೆಯಾದವು. 2004ರ ಟಾಟಾ ಇಂಡಿಗೊ ಮರೀನಾ ಇವುಗಳಲ್ಲಿ ಸಾಮಾನ್ಯರ ಕೈಗೆಟುಕುವಂತಿತ್ತು. ಅದಕ್ಕೆ ಪೆಟ್ಟು ಬಿದ್ದದ್ದು ತೆರಿಗೆಯ ಕಡೆಯಿಂದಲೂ ಹೌದು. 2006ರ ಕೇಂದ್ರ ಬಜೆಟ್ 4 ಮೀಟರ್ ಮೀರದ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಪೆಟ್ರೋಲ್ ಎಂಜಿನ್ 1200 ಸಿ.ಸಿ., ಡೀಸೆಲ್ 1500 ಸಿ.ಸಿ. ಒಳಗಿರಬೇಕೆಂಬುದು ಜೊತೆಗಿನ ನಿಯಮ. ಸೆಡಾನ್ ತಯಾರಕರು ಡಿಕ್ಕಿ ಕತ್ತರಿಸಿ ಪಾರಾದರು. 2008ರ ಇಂಡಿಗೊ ಸಿ.ಎಸ್. ಹಾಗೆ ಹುಟ್ಟಿದ್ದು. ವ್ಯಾಗನ್‌ಗೆ ಈ ದಾರಿ ಇರಲಿಲ್ಲ. ಬೆನ್ನಿನ ಉದ್ದವೇ ಅದರ ಬಂಡವಾಳ, ಅದನ್ನು ಕತ್ತರಿಸಿದರೆ ಉಳಿಯುವುದು ಹ್ಯಾಚ್‌ಬ್ಯಾಕ್. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿಯೂ ಇದೇ ಅಳತೆಗೋಲು ಇದೆ: ಒಳಗಿದ್ದರೆ ಶೇ 18, ಮೀರಿದರೆ ಶೇ 40.

ಅಮೆರಿಕದಲ್ಲಿಯೂ ಸರ್ಕಾರದ ವ್ಯಾಖ್ಯೆ ವ್ಯಾಗನ್‌ಗೆ ಮುಳುವಾಯಿತು. ಅಲ್ಲಿ ಇಂಧನ ಮಿತವ್ಯಯದ ನಿಯಮಗಳು ಲಘು ಟ್ರಕ್ ವರ್ಗಕ್ಕೆ ಸಡಿಲವಾಗಿದ್ದವು. 1984ರ ಮಾದರಿಯಾಗಿ ಕ್ರೈಸ್ಲರ್ ಹೊರತಂದ ಮಿನಿವ್ಯಾನ್‌ಗಳು, ಆಮೇಲೆ ಎಸ್‌ಯುವಿಗಳು ಆ ವರ್ಗದಲ್ಲಿ ಸೇರಿ ಕುಟುಂಬಗಳನ್ನು ತಮ್ಮತ್ತ ಸೆಳೆದುಕೊಂಡವು.

ನಮ್ಮಲ್ಲಿ ಕುಟುಂಬಗಳನ್ನು ಸೆಳೆದ ವಾಹನಕ್ಕೆ ಬೆಳಗಾವಿಯ ನಂಟಿದೆ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ತೆರೆದದ್ದು ಈ ನಗರದಲ್ಲಿ. ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಅದೇ ಮನೆತನ ಜಪಾನಿನ ಟೊಯೊಟಾದೊಂದಿಗೆ ಸೇರಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರತಂದಿತು. ವ್ಯಾಗನ್ ಮಾಡಬೇಕಿದ್ದ ಕೆಲಸವನ್ನೆಲ್ಲ ಇವು ಮಾಡಿದವು, ಆದರೆ ಎತ್ತರದಲ್ಲಿ ಕುಳಿತು. ರಸ್ತೆಯನ್ನು ಮೇಲಿನಿಂದ ನೋಡುವ ಈ ಸುಖವನ್ನು ನಮ್ಮ ಗುಂಡಿಗಳೂ ಪೋಷಿಸಿವೆ ಎನ್ನದೆ ವಿಧಿಯಿಲ್ಲ. ಕಡಿಮೆ ಎತ್ತರದ ಕಾರು ಮಳೆಗಾಲದ ಜಾಂಬೋಟಿ ರಸ್ತೆಯಲ್ಲಿ ತಳ ಉಜ್ಜಿಕೊಳ್ಳುವುದು ಖಚಿತ.

ಹೆಸರುಗಳ ಅದೃಷ್ಟ ಮಾತ್ರ ವಿಚಿತ್ರ. ಮಾರುತಿಯ ಬಲೆನೊ ಸೆಡಾನ್ 2007ರಲ್ಲಿ ನಿಂತಿತು. 2015ರಲ್ಲಿ ಅದೇ ಹೆಸರು ಹ್ಯಾಚ್‌ಬ್ಯಾಕ್‌ಗೆ ಅಂಟಿ ಭರ್ಜರಿಯಾಗಿ ಮಾರಾಟವಾಯಿತು. ಯುರೋಪಿನಲ್ಲಿ ವೋಲ್ವೊ ಎಂದರೆ ಗಟ್ಟಿಮುಟ್ಟಾದ ಸ್ಟೇಷನ್ ವ್ಯಾಗನ್. 2001ರಲ್ಲಿ ಬಿ7ಆರ್ ಬಸ್ಸು ಬಂದ ಮೇಲೆ ಕರ್ನಾಟಕದಲ್ಲಿ ವೋಲ್ವೊ ಎಂದರೆ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು. 2017ರಲ್ಲಿ ವೋಲ್ವೊ ತನ್ನ ವಿ90 ವ್ಯಾಗನ್ ಅನ್ನು ಭಾರತಕ್ಕೆ ತಂದಾಗಲೂ ಅದಕ್ಕೆ ಎತ್ತರ ಹೆಚ್ಚಿಸಿ ಕ್ರಾಸ್ ಕಂಟ್ರಿ ಎಂಬ ಹೆಸರಿತ್ತು. ‘ವ್ಯಾಗನ್’ ಎಂಬ ಪದ ಮನೆಮಾತಾದದ್ದು 1999ರ ಕೊನೆಯಲ್ಲಿ ಬಂದ ಮಾರುತಿ ವ್ಯಾಗನ್ ಆರ್‌ನಿಂದ. ಅದು ವ್ಯಾಗನ್ ಅಲ್ಲ, ಎತ್ತರದ ಪುಟ್ಟ ಹ್ಯಾಚ್‌ಬ್ಯಾಕ್.

ಟಾಟಾ ಕೂಡ ಲಾರಿಯ ನೆರಳಿನಿಂದ ಹೊರಬಂದಿದೆ. 2018ರಲ್ಲಿ ನೆಕ್ಸಾನ್ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೇಲೆ ಸುರಕ್ಷತೆ ಅದರ ಹೊಸ ಗುರುತಾಯಿತು. ಹಳೆಯ ಹೆಸರುಗಳಿಗೂ ಬೆಲೆ ಬಂದಿದೆ: 2021ರಲ್ಲಿ ಸಫಾರಿ, 2025ರ ನವೆಂಬರ್‌ನಲ್ಲಿ ಸಿಯೆರಾ ಹೊಸ ರೂಪದಲ್ಲಿ ಮರಳಿದವು. ಸಿಯೆರಾದ ಮರುವರ್ಷವೇ ಹುಟ್ಟಿದ್ದ ಎಸ್ಟೇಟ್‌ಗೆ ಆ ಸರದಿ ಬಂದಿಲ್ಲ.