ಮಾದರಿ ಕೊಯ್ಲಿನ ಕಥಿ

ಅನ್ನ ಬೆಂದದ್ದು ನೋಡಾಕ ಒಂದಗಳು ಹಿಸುಕಿದ್ರ ಸಾಕು ಅಂತ ನಮ್ಮವ್ವ ಅಂತಿದ್ದಳು. ಹೊಲಕ್ಕ ಆ ಮಾತು ಹೊಂದೂದಿಲ್ಲ. ನಮ್ಮ ಜತ್ತ ಸೀಮೆಯೊಳಗ ಎರಿಯ ಜೋಳ ಎದೆಮಟ್ಟ ಇದ್ರ, ಮಗ್ಗಲ ಮಡ್ಡಿಯದು ಮೊಣಕಾಲಮಟ್ಟ.

1931ರಲ್ಲಿ ಕಲಕತ್ತಾದೊಳಗ ಸಂಖ್ಯಾಶಾಸ್ತ್ರದ ಸಂಸ್ಥೆ ಕಟ್ಟಿದ ಮಹಾಲನೋಬಿಸರು 1937ರಿಂದ ಬಂಗಾಲದ ಸೆಣಬನ್ನು ಮಾದರಿಯಿಂದ ಅಳೆಯಹತ್ತಿದರು. ಚೀಟಿ ಎತ್ತಿದಂಗ ಜಾಗಾ ಆರಿಸಿ, ಸಣ್ಣ ತುಣುಕು ಕೊಯ್ದು, ಇಡೀ ಸೀಮೆಯ ಬೆಳೆ ಅಂದಾಜು ಮಾಡೂದು. ನಮ್ಮ ನೆರೆಯ ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಸುಖಾತ್ಮೆಯವರು ತಕರಾರು ತೆಗೆದರು: ತುಣುಕು ಬಹಳ ಸಣ್ಣದಾದ್ರ ಅಂಚಿನ ಗಿಡ ಒಳಗ ಸೇರಿ ಇಳುವರಿ ಹೆಚ್ಚು ತೋರಸ್ತದ. ಕುಡಗೋಲು ಹಿಡದವನಿಗೆ ಇದು ಖರೆ ಅನಸ್ತದ. ಅಂಚಿನ ದಪ್ಪ ತೆನಿ ಯಾವ ಕೈ ಬಿಡ್ತದ?

ಅದೇ ಪದ್ಧತಿ ಈಗ ಬೆಳೆವಿಮೆಗೂ ಬಂದದ. ಒಂದು ಪಂಚಾಯಿತಿಗೆ ಕನಿಷ್ಠ 4 ತುಣುಕು ಕೊಯ್ದು ಸರಾಸರಿ ಹಿಡೀತಾರ. ಒಂದು ವರ್ಷ ನನ್ನ ಮಡ್ಡಿ ಒಣಗಿತು. ಚೀಟಿ ಬಿದ್ದದ್ದು ಎರಿ ಹೊಲಗಳಿಗೆ. ರೊಕ್ಕ ಬರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ.

ಸರಾಸರಿ 5 ಚೀಲ ಅಂದವರು 3ರಿಂದ 7ರ ನಡುವ, 100ರಾಗ 95 ಸಲ ಹಿಂಗ ಹಿಡಿದ ಅಂತರದೊಳಗ ನಿಜ ಇರ್ತದ ಅಂತನೂ ಹೇಳಬೇಕು. ಆ ಅಂತರ ಅರ್ಧ ಆಗಬೇಕಂದ್ರ ತುಣುಕು ಹೆಚ್ಚುಕಡಿಮಿ ನಾಲ್ಕು ಪಟ್ಟು ಬೇಕು, ಅಂದ್ರ 16. ನನಗ ತೋರಿಸಿದ ಕಾಗದದಾಗ 5 ಅಂತಷ್ಟೇ ಇತ್ತು.