ಕವಚಕ್ಕೆ ಅಂಕ ಕೊಟ್ಟವರು

ಕವಚವೆಂದೊಡನೆ ನಮಗೆ ನೆನಪಾಗುವವನು ಕರ್ಣ. ಹುಟ್ಟುವಾಗಲೇ ಮೈಗಂಟಿ ಬಂದ ಆ ಕವಚವಿರುವ ತನಕ ಅವನನ್ನು ಕೊಲ್ಲುವುದು ಯಾರಿಗೂ ಸಾಧ್ಯವಿರಲಿಲ್ಲ. ಕಳಚಿ ಕೊಟ್ಟ ಮೇಲೆ ಅವನೂ ಎಲ್ಲರಂತೆ ಬಾಣಕ್ಕೆ ಗುರಿಯಾದ. ಪುರಾಣದ ಕವಚಕ್ಕೆ ದರ್ಜೆಗಳಿಲ್ಲ. ಇದ್ದರೆ ಅಭೇದ್ಯ, ಇಲ್ಲದಿದ್ದರೆ ಇಲ್ಲ. ಮನುಷ್ಯರು ಹೊಲಿದ ಕವಚಕ್ಕೆ ಈ ಭಾಗ್ಯವಿಲ್ಲ. ಅದು ಒಂದಿಷ್ಟು ತಡೆಯುತ್ತದೆ, ಆಮೇಲೆ ಸೋಲುತ್ತದೆ. ಯಾವುದನ್ನು ಎಷ್ಟು ತಡೆದೀತು ಎಂದು ಅಳೆದು, ಆ ಅಳತೆಯನ್ನು ಕೈಗವಸಿನ ಮೇಲೆ ಅಂಕಿಯಾಗಿ ಅಚ್ಚೊತ್ತುವ ಪದ್ಧತಿ ಬಳಕೆಗೆ ಬಂದದ್ದು ತೀರ ಈಚೆಗೆ.

ಈ ಅಂಕಿಗಳತ್ತ ನನ್ನ ಗಮನ ಸೆಳೆದವನು ಪೀಣ್ಯದ ಒಂದು ತಗಡಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿರುವ ನನ್ನ ಹಳೆಯ ವಿದ್ಯಾರ್ಥಿ. ಕಾರ್ಮಿಕರಿಗಾಗಿ ಕೊಳ್ಳಬೇಕಾದ ಕೈಗವಸುಗಳ ಮಾದರಿಗಳನ್ನು ಅವನು ನನ್ನ ಮುಂದೆ ಹರವಿದ. ಒಂದೊಂದರ ಬೆನ್ನ ಮೇಲೂ ಗುರಾಣಿಯೊಳಗೊಂದು ಸುತ್ತಿಗೆಯ ಚಿತ್ರ. ಅದರ ಕೆಳಗೆ ‘4544’, ‘4ಎಕ್ಸ್43ಡಿ’ ಎಂಬಂಥ ಬರಹ. ದೊಡ್ಡ ಅಂಕಿ ಇರುವುದನ್ನು ಕೊಂಡರೆ ಆಯಿತಲ್ಲವೆ ಎಂಬುದು ಅವನ ಪ್ರಶ್ನೆ. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ವರ್ಷವರ್ಷವೂ ಉತ್ತರಪತ್ರಿಕೆಯ ಕಟ್ಟುಗಳ ಮುಂದೆ ಕುಳಿತು ಬಂದವನಿಗೆ ಒಂದು ಸಂಗತಿ ಗೊತ್ತಿರುತ್ತದೆ: ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನಷ್ಟೇ ಅಂಕ ಹೇಳುತ್ತದೆ; ಕೇಳದೆ ಬಿಟ್ಟದ್ದರ ಬಗ್ಗೆ ಅದು ಮೌನ. ಆ ಅಂಕಿಗಳ ಹಿಂದಿನ ಪ್ರಶ್ನೆಪತ್ರಿಕೆಯನ್ನು ಹುಡುಕುತ್ತ ಹೋದಾಗ ಸಿಕ್ಕಿದ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಯುರೋಪಿನ ಮಧ್ಯಯುಗದ ಯೋಧ ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಹೆಣೆದ ಜೋಡನ್ನು ತೊಡುತ್ತಿದ್ದ. ಕತ್ತಿಯ ಅಲಗು ಅದನ್ನು ಕೊಯ್ಯಲಾರದೆ ಜಾರುತ್ತಿತ್ತು. ಸಪೂರವಾದ ಮೊನೆಯಾದರೋ ಬಳೆಯ ಕಣ್ಣಿನಲ್ಲೇ ನುಗ್ಗುತ್ತಿತ್ತು. ಆದುದರಿಂದ ಜೋಡಿನ ಒಳಗೆ ಪದರಪದರವಾಗಿ ಹೊಲಿದ ದಪ್ಪನೆಯ ಅಂಗಿಯೂ ಬೇಕಾಗುತ್ತಿತ್ತು. ಮಾಂಸ ಕೊಯ್ಯುವ ಕಸುಬಿನಲ್ಲಿ ಉಕ್ಕಿನ ಬಳೆಗಳ ಕೈಗವಸು ಇಂದಿಗೂ ಉಳಿದಿದೆ. ಗಾಜು, ತಗಡು ಹಿಡಿಯುವ ಇತರರಿಗೆ ಬಹುಕಾಲ ಚರ್ಮ ಮತ್ತು ದಪ್ಪ ಹತ್ತಿಬಟ್ಟೆಗಳೇ ಗತಿಯಾಗಿದ್ದವು. ಚರ್ಮ ಉಜ್ಜಾಟವನ್ನು ಚೆನ್ನಾಗಿ ತಾಳುತ್ತದೆ. ಹರಿತವಾದ ಅಂಚಿನ ಮುಂದೆ ಬೇಗ ಸೋಲುತ್ತದೆ.

ಈ ಸ್ಥಿತಿ ಬದಲಾಗಲು ಬೀಜ ಬಿದ್ದದ್ದು 1965ರಲ್ಲಿ, ಅಮೆರಿಕದ ವಿಲ್ಮಿಂಗ್ಟನ್ ನಗರದಲ್ಲಿದ್ದ ಡುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ. ಅಲ್ಲಿದ್ದ ರಸಾಯನವಿಜ್ಞಾನಿ ಸ್ಟೆಫನಿ ಕ್ವೋಲೆಕ್ (1923–2014) ವೈದ್ಯಶಿಕ್ಷಣಕ್ಕೆ ಹಣ ಕೂಡಿಸಲೆಂದು 1946ರಲ್ಲಿ ಆ ಸಂಸ್ಥೆಗೆ ಸೇರಿದವರು. ಸಂಶೋಧನೆಯ ರುಚಿ ಹತ್ತಿ ಅಲ್ಲಿಯೇ ನಿಂತುಬಿಟ್ಟರು. ಅವರು ಹುಡುಕುತ್ತಿದ್ದುದು ಮೋಟಾರಿನ ಟೈರಿಗೆ ಬೇಕಾದ ಹಗುರವೂ ಗಟ್ಟಿಯೂ ಆದ ಎಳೆ. ಒಂದು ದಿನ ಸಿದ್ಧವಾದ ದ್ರಾವಣ ಎಂದಿನಂತೆ ಮಂದವಾಗಿ ತಿಳಿಯಾಗಿರದೆ, ಮಜ್ಜಿಗೆಯ ಹಾಗೆ ತೆಳ್ಳಗೆ ಮಬ್ಬಾಗಿತ್ತು. ಬೇರೆಯವರಾಗಿದ್ದರೆ ಚೆಲ್ಲುತ್ತಿದ್ದರೇನೋ. ಎಳೆ ತೆಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದವನು ಸೂಕ್ಷ್ಮರಂಧ್ರಗಳು ಕಟ್ಟಿಕೊಂಡಾವೆಂದು ಅದನ್ನು ಮುಟ್ಟಲು ಮೊದಲು ಒಪ್ಪಲಿಲ್ಲ. ಕ್ವೋಲೆಕ್ ಬಿಡಲಿಲ್ಲ. ಆ ಮಜ್ಜಿಗೆಯಿಂದ ಹೊರಟ ಸಂಶೋಧನೆ ಕೊನೆಗೆ ಕೊಟ್ಟದ್ದು ತೂಕಕ್ಕೆ ತೂಕವಿಟ್ಟು ನೋಡಿದರೆ ಉಕ್ಕಿನ ಐದುಪಟ್ಟು ಬಲದ ಎಳೆಯನ್ನು. ಕೆವ್ಲಾರ್ ಎಂಬ ಹೆಸರಿನಲ್ಲಿ ಅದು 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದರ ಬೆನ್ನಿಗೇ ಹಾಲೆಂಡಿನಲ್ಲಿ ಪಾಲಿಎಥಿಲೀನಿನ ಮಹಾಬಲದ ಎಳೆ ಹುಟ್ಟಿತು. ಅಂಗಡಿಯವರು ಕೊಡುತ್ತಿದ್ದ ತೆಳು ಪ್ಲಾಸ್ಟಿಕ್ ಚೀಲದ ಕುಲದ್ದೇ ಅದು! ಇಂಥ ಎಳೆಗಳಿಂದ ಹೆಣೆದ ಕೈಗವಸು ಕೈಗೆ ಹಗುರ, ಬೆರಳಿಗೆ ಮೆತ್ತಗೆ.

ನಾನಾ ಬಗೆಯ ಕೈಗವಸುಗಳು ಬಂದ ಮೇಲೆ ಯಾವುದು ಎಷ್ಟು ಗಟ್ಟಿ ಎಂದು ತೂಗುವ ತಕ್ಕಡಿ ಬೇಕಾಯಿತು. 1989ರ ಡಿಸೆಂಬರಿನಲ್ಲಿ ಅಂದಿನ ಯುರೋಪಿಯನ್ ಸಮುದಾಯ ರಕ್ಷಣಾ ಉಡುಪುಗಳ ಬಗ್ಗೆ ಒಂದು ಶಾಸನ ಮಾಡಿತು. ಸದಸ್ಯ ದೇಶಗಳ ನಡುವೆ ಸರಕು ತಡೆಯಿಲ್ಲದೆ ಹೋಗಿಬರಬೇಕಾದರೆ ಅಳತೆಯೂ ಒಂದೇ ಆಗಿರಬೇಕಷ್ಟೆ. ಹಾಗೆ 1994ರಲ್ಲಿ ಪ್ರಕಟವಾದ ಮಾನಕವೇ ‘ಇಎನ್ 388’. ಗುರಾಣಿಯ ಕೆಳಗಿನ ನಾಲ್ಕು ಅಂಕಿಗಳು ಅದರವು.

ಇಲ್ಲಿ ನಮ್ಮ ಭಾಷೆ ನೆರವಿಗೆ ಬರುತ್ತದೆ. ಗಂಧವನ್ನು ತೇಯುತ್ತೇವೆ, ಹೂವನ್ನು ಕೊಯ್ಯುತ್ತೇವೆ, ಬಟ್ಟೆಯನ್ನು ಹರಿಯುತ್ತೇವೆ, ಸೂಜಿಯಿಂದ ಚುಚ್ಚುತ್ತೇವೆ. ಒಂದರ ಕೆಲಸಕ್ಕೆ ಇನ್ನೊಂದು ಮಾತನ್ನು ಹಾಕಿದರೆ ಮಗುವೂ ನಗುತ್ತದೆ. ಯುರೋಪಿನ ತಜ್ಞರು ಮಾಡಿದ್ದೂ ಇದನ್ನೇ. ಮೊದಲನೆಯ ಅಂಕಿ ತೇಯುವುದಕ್ಕೆ, ಎರಡನೆಯದು ಕೊಯ್ಯುವುದಕ್ಕೆ, ಮೂರನೆಯದು ಹರಿಯುವುದಕ್ಕೆ, ನಾಲ್ಕನೆಯದು ಚುಚ್ಚುವುದಕ್ಕೆ. ಕೊಯ್ತಕ್ಕೆ ಗರಿಷ್ಠ 5, ಉಳಿದ ಮೂರಕ್ಕೆ ಗರಿಷ್ಠ 4. ನಾಲ್ಕನ್ನೂ ಕೂಡಿಸಿ ಒಟ್ಟು ಅಂಕ ಹೇಳುವಂತಿಲ್ಲ. ಕನ್ನಡದಲ್ಲಿ ತೊಂಬತ್ತು ಬಂದವನು ಗಣಿತದಲ್ಲಿಯೂ ಬಲ್ಲಿದನೆಂದು ಯಾರು ಹೇಳಿಯಾರು?

ಕೊಯ್ತದ ಪರೀಕ್ಷೆ ಹೀಗಿತ್ತು. 5 ನ್ಯೂಟನ್, ಅಂದರೆ ಸುಮಾರು ಅರ್ಧ ಕಿಲೋ ಭಾರವನ್ನು ಹೊತ್ತ ಒಂದು ಚಕ್ರಾಕಾರದ ಅಲಗು ಬಟ್ಟೆಯ ತುಂಡಿನ ಮೇಲೆ ತಿರುಗುತ್ತ ಹಿಂದೆ ಮುಂದೆ ಓಡಾಡುತ್ತದೆ. ಕೊಯ್ದು ಆಚೆ ಬರಲು ಎಷ್ಟು ಸುತ್ತು ಬೇಕಾಯಿತೆಂದು ಎಣಿಸಿ, ಗೊತ್ತುಮಾಡಿದ ಒಂದು ಹತ್ತಿಬಟ್ಟೆಯೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ಕಾಗದದ ಮೇಲೆ ಇದರಲ್ಲಿ ಲೋಪವಿಲ್ಲ. ಆದರೆ ತಯಾರಕರು ನೂಲಿನೊಳಗೆ ಗಾಜಿನ ಎಳೆಯನ್ನೂ ಉಕ್ಕಿನ ತಂತಿಯನ್ನೂ ಸೇರಿಸತೊಡಗಿದಾಗ ತೊಡಕು ಹುಟ್ಟಿತು. ಅಲಗು ಅವುಗಳ ಮೇಲೆ ಉಜ್ಜಿ ಉಜ್ಜಿ ಮೊಂಡಾಯಿತು. ಮೊಂಡಾದ ಅಲಗು ಎಷ್ಟು ಸುತ್ತಿದರೇನು? ಸುತ್ತಿನ ಲೆಕ್ಕ ಏರಿತು, ಕೈಗವಸಿಗೆ 5 ಬಂತು. ಇನ್ನೂರನೆಯ ಉತ್ತರಪತ್ರಿಕೆಗೆ ಬರುವಷ್ಟರಲ್ಲಿ ದಣಿದ ಪರೀಕ್ಷಕ ಕಣ್ಣುಮುಚ್ಚಿ ಅಂಕ ಕೊಟ್ಟಂತೆ! ನಮ್ಮ ಪರೀಕ್ಷೆಯಲ್ಲಿ ಇದು ನಗೆಯ ಮಾತಾದೀತು. ಅಲ್ಲಿ ಆ ಅಂಕಿಯನ್ನು ನಂಬಿ ಹೊಸ ಗಾಜಿನ ಅಂಚನ್ನು ಹಿಡಿಯುವವನ ಕೈ ಪಣಕ್ಕಿತ್ತು. ಕಾರ್ಖಾನೆಯ ಗಾಜು ಪರೀಕ್ಷಾಲಯದ ಅಲಗಿನಂತೆ ಮೊಂಡಾಗುತ್ತ ಕೂಡುವುದಿಲ್ಲ. ಒಂದೇ ಸಲಕ್ಕೆ ಎಳೆಯುತ್ತದೆ.

ನಮ್ಮ ಅಡುಗೆಮನೆಯ ಈಳಿಗೆಮಣೆಯ ಮುಂದೆ ಕುಳಿತ ಯಾವ ಗೃಹಿಣಿಗೂ ಈ ಮರ್ಮ ಗೊತ್ತು. ಬದನೆಕಾಯನ್ನು ಈಳಿಗೆಯ ಮೇಲೆ ಸುಮ್ಮನೆ ಒತ್ತಿದರೆ ಬಲ ಹೆಚ್ಚು ಬೇಕು. ಅಲಗಿನುದ್ದಕ್ಕೂ ತುಸು ಎಳೆದರೆ ಸರಕ್ಕನೆ ಹೋಳಾಗುತ್ತದೆ. ಕೊಯ್ತವೆಂದರೆ ಒತ್ತು ಮತ್ತು ಎಳೆತ ಎರಡೂ ಕೂಡಿದ ಕ್ರಿಯೆ. 1990ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಸಂಶೋಧಕರು ಇದನ್ನೇ ಅಳೆಯುವ ಯಂತ್ರವೊಂದನ್ನು ರೂಪಿಸಿದರು. ಅದರ ಹೆಸರು ಟೋಮೋಡೈನಮೋಮೀಟರ್. ಗ್ರೀಕಿನಲ್ಲಿ ‘ತೊಮೆ’ ಎಂದರೆ ಕೊಯ್ತ. ನೇರವಾದ ಅಲಗು ಬಟ್ಟೆಯ ಮೇಲೆ ಒಂದೇ ಎಳೆತ ಎಳೆಯುತ್ತದೆ. ಪ್ರತಿ ಎಳೆತಕ್ಕೂ ಹೊಸ ಅಲಗು. 20 ಮಿಲಿಮೀಟರ್ ಎಳೆತದಲ್ಲಿ ಬಟ್ಟೆ ಕೊಯ್ದುಹೋಗಲು ಎಷ್ಟು ಭಾರ ಹೇರಬೇಕು ಎಂಬುದೇ ಉತ್ತರ. ಮೊಂಡಾಗಲು ಅಲಗಿಗೆ ಸಮಯವೇ ಇಲ್ಲ. 1999ರಲ್ಲಿ ಇದು ‘ಐಎಸ್ಒ 13997’ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಯುರೋಪಿನ ಮಾನಕ ಇದನ್ನು ಒಪ್ಪಿಕೊಂಡದ್ದು 2016ರ ಪರಿಷ್ಕರಣದಲ್ಲಿ. ಅಂದಿನಿಂದ ನಾಲ್ಕು ಅಂಕಿಗಳ ಬಳಿಕ ಒಂದು ಅಕ್ಷರ ಸೇರಿತು: ‘ಎ’ ಎಂದರೆ 2 ನ್ಯೂಟನ್, ‘ಬಿ’ 5, ‘ಸಿ’ 10, ‘ಡಿ’ 15, ‘ಇ’ 22, ‘ಎಫ್’ 30. ಹತ್ತು ನ್ಯೂಟನ್ನನ್ನು ಹೆಚ್ಚುಕಡಮೆ ಒಂದು ಕಿಲೋ ಭಾರವೆಂದು ತಿಳಿದರೆ ಸಾಕು. ಹಳೆಯ ಪರೀಕ್ಷೆಯಲ್ಲಿ ಅಲಗು ಮೊಂಡಾದರೆ ಈ ಅಕ್ಷರವೇ ಪ್ರಮಾಣ. ನಡುವೆ ಕಾಣುವ ‘ಎಕ್ಸ್’ನ ಅರ್ಥ ಸೊನ್ನೆಯಲ್ಲ. ಸೊನ್ನೆಯೆಂದರೆ ಪರೀಕ್ಷೆಗೆ ಕುಳಿತು ಸೋತದ್ದು. ಎಕ್ಸ್ ಎಂದರೆ ಪರೀಕ್ಷೆಗೆ ಕೂರದೆ ಇದ್ದದ್ದು. ನನ್ನ ವಿದ್ಯಾರ್ಥಿ ತಂದ ‘4ಎಕ್ಸ್43ಡಿ’ಯಲ್ಲಿ ಹಳೆಯ ಕೊಯ್ತಪರೀಕ್ಷೆ ನಡೆದಿಲ್ಲ, ಹೊಸದರಲ್ಲಿ 15 ನ್ಯೂಟನ್ ತಾಳಿದೆ. ‘4544’ರಲ್ಲಿ 5 ಇದೆ ನಿಜ, ಆದರೆ ಯಾವ ಅಲಗಿನ ಮುಂದೆ ಬಂದ 5 ಎಂಬುದು ತಿಳಿಯದು.

ಅಮೆರಿಕದವರ ಲೆಕ್ಕ ಬೇರೆ. ಅಲ್ಲಿಯೂ ಒಂದು ಕಾಲಕ್ಕೆ 5ರ ತನಕ ದರ್ಜೆಗಳಿದ್ದವು, ಆದರೆ ಅಳತೆ ಯುರೋಪಿನದಲ್ಲ. ಎರಡು ದಂಡೆಯ 5ಗಳು ಒಂದೇ ಎಂದು ತಿಳಿದರೆ ಕೆಟ್ಟೆವು. 2016ರಲ್ಲಿ ಅವರೂ ತಿದ್ದಿ, ‘ಎ1’ರಿಂದ ‘ಎ9’ರವರೆಗೆ, 200 ಗ್ರಾಮಿನಿಂದ 6000 ಗ್ರಾಮಿನ ತನಕ, ಒಂಬತ್ತು ದರ್ಜೆ ಮಾಡಿದರು. ಅವರ ‘ಎ4’ ಯುರೋಪಿನ ‘ಡಿ’ಗೆ ಹತ್ತಿರ, ಯುರೋಪಿನ ‘ಎ’ಗೆ ಅಲ್ಲ.

ಇಷ್ಟು ತಿದ್ದಿದ ಮೇಲೂ ಕೇಳದೆ ಉಳಿದ ಪ್ರಶ್ನೆಗಳಿವೆ. ಪರೀಕ್ಷೆಗೆ ಹೋಗುವುದು ಅಂಗೈಯ ತುಂಡು. ಕೈಯ ಹಿಂಬದಿಗೆ ಆ ಅಂಕಿ ಸಲ್ಲಬೇಕೆಂದಿಲ್ಲ. ಚುಚ್ಚುವ ಪರೀಕ್ಷೆಯ ಮೊನೆ ಮೊಳೆಯಂಥದು. ಅಲ್ಲಿ 4 ಪಡೆದ ಕೈಗವಸನ್ನು ಆಸ್ಪತ್ರೆಯ ಸೂಜಿ ಸಲೀಸಾಗಿ ದಾಟಬಹುದು. ಹರಿಯದಿರುವ ಗುಣವೂ ಎಲ್ಲ ಕಡೆಯೂ ಗುಣವಲ್ಲ: ತಿರುಗುವ ಯಂತ್ರಕ್ಕೆ ಸಿಕ್ಕಿದ ಕೈಗವಸು ಹರಿದರೆ ಕೈ ಉಳಿದೀತು, ಹರಿಯದಿದ್ದರೆ ಕೈಯನ್ನೂ ಎಳೆದೊಯ್ದೀತು. ಮರ ಕೊಯ್ಯುವ ಸರಪಳಿ ಗರಗಸಕ್ಕೆ ತೊಡುವ ಷರಾಯಿಯ ಬಗೆಯೇ ಬೇರೆ. ಅದರೊಳಗಿನ ಉದ್ದುದ್ದ ಎಳೆಗಳು ಕಿತ್ತುಬಂದು, ಸರಪಳಿಯನ್ನು ಓಡಿಸುವ ಚಕ್ರಕ್ಕೆ ಸುತ್ತಿ ಗರಗಸವನ್ನು ನಿಲ್ಲಿಸುತ್ತವೆ. ಅದನ್ನು ಅಳೆಯುವುದು ಸರಪಳಿಯ ವೇಗದಿಂದ, ಸೆಕೆಂಡಿಗೆ 16, 20, 24, 28 ಮೀಟರ್ ಎಂದು. ಅಲ್ಲಿ ‘ಎಫ್’ ಅಕ್ಷರದ ಕೈಗವಸಿನ ಆಟ ನಡೆಯದು.

ನಮ್ಮ ಬೀದಿಗಳ ಕಸ ಎತ್ತುವ ಪೌರಕಾರ್ಮಿಕರನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ನಾವು ಬೇರ್ಪಡಿಸದೆ ಎಸೆದ ಒಂದೇ ಚೀಲದಲ್ಲಿ ಒಡೆದ ಸೀಸೆ ಕೊಯ್ಯುತ್ತದೆ, ತಗಡಿನ ಡಬ್ಬಿ ಹರಿಯುತ್ತದೆ, ಸೂಜಿ ಚುಚ್ಚುತ್ತದೆ. ಅಂಕಿಯನ್ನು ಓದಿ ಕೈಗವಸು ಕೊಳ್ಳುವವರು ಕಚೇರಿಯಲ್ಲಿರುತ್ತಾರೆ, ಕೈ ಒಡ್ಡುವವರು ಬೀದಿಯಲ್ಲಿರುತ್ತಾರೆ. ಕೊಳ್ಳುವವರು ದರಪಟ್ಟಿಯನ್ನು ನೋಡುವುದಕ್ಕೆ ಮುನ್ನ ಆ ಕೈಗೆ ಎದುರಾಗುವುದು ಯಾವ ಕ್ರಿಯಾಪದವೆಂದು ಕೇಳಿಕೊಳ್ಳಲಿ. ಆಮೇಲೆ ಅದಕ್ಕೆ ಸಂಬಂಧಿಸಿದ ಅಂಕಿಯನ್ನಷ್ಟೇ ಓದಲಿ.