ಭಾನುವಾರದ ಗುದ್ದಲಿ, ಸೋಮವಾರದ ನೀರು

ಕೊಡಿಗೇಹಳ್ಳಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ಎಪಿಸೋಡು ಏರಿಯಾದ ಪಾರ್ಕು, ಕೆರೆದಂಡೆ, ರಸ್ತೆಬದಿಯ ಹಸಿರನ್ನ ಗುಂಪು ಕಟ್ಟಿಕೊಂಡು ಚೊಕ್ಕ ಮಾಡೋರ ಬಗ್ಗೆ. ನೀವೂ ಇಂಥ ಒಂದು ವಾಟ್ಸಾಪ್ ಗ್ರೂಪಲ್ಲಿ ಇರಬಹುದು. ಭಾನುವಾರ ಬೆಳಿಗ್ಗೆ ಲೊಕೇಷನ್ ಬರುತ್ತೆ. ಗ್ಲೌಸು, ಗುದ್ದಲಿ, ನಾಲ್ಕು ಗೋಣಿಚೀಲ. ಎರಡು ಗಂಟೆ ಕಳೆ ಕಿತ್ತು, ಪ್ಲಾಸ್ಟಿಕ್ ಆರಿಸಿ, ಗಿಡಗಳಿಗೆ ಪಾತಿ ಮಾಡಿ, ಒಂದು ಗ್ರೂಪ್ ಫೋಟೋ ತೆಗೆದು, ಕಾಫಿ ಕುಡಿದು ಮನೆಗೆ.

ಇದೆಲ್ಲ ಹೊಸ ಟ್ರೆಂಡು ಅಂತ ಕೆಲವರು ಹೇಳ್ತಾರೆ. ಇಲ್ಲಪ್ಪ, ಹಿಂದೆ ಊರಿಗೆ ಊರೇ ಸೇರಿ ಮಾಡ್ತಿತ್ತು, ನಾವು ಮರೆತಿದ್ದೀವಿ ಅಂತ ಇನ್ನು ಕೆಲವರು. ನಾನು ಓದಿದ್ದು ಬಿಕಾಂ. ಹಾಗಾಗಿ ನನಗೆ ಮೊದಲು ಕಾಣೋದು ಲೆಕ್ಕ. ಗಿಡ ನೆಡೋದು ಒಂದು ಸಲದ ಬಂಡವಾಳ ವೆಚ್ಚ. ನೀರು, ಗೊಬ್ಬರ, ಬೇಲಿ, ಕಳೆ ಇವೆಲ್ಲ ತಿಂಗಳು ತಿಂಗಳು ಬರೋ ಖರ್ಚು. ಆ ಎರಡನೇ ಖರ್ಚನ್ನ ಹಿಂದೆ ಯಾರು ಕೊಡ್ತಿದ್ರು?

ಇದಕ್ಕೆ ಒಂದು ಸುಳಿವು ನಮ್ಮೂರ ಹೆಸರಲ್ಲೇ ಕೇಳಿಸುತ್ತೆ. ಕನ್ನಡ ಶಾಸನಗಳಲ್ಲಿ ಕೊಡಗೆ, ಕೊಡಗಿ ಅನ್ನೋ ಪದ ಮತ್ತೆ ಮತ್ತೆ ಬರುತ್ತೆ. ‘ಕೊಡು’ ಅನ್ನೋದರಿಂದ ಬಂದ ಪದ, ಅಂದ್ರೆ ಕೊಟ್ಟ ಭೂಮಿ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟರೆ ಅದು ನೆತ್ತರುಕೊಡಗೆ. ಕೆರೆ ಕಟ್ಟಿದವನಿಗೆ ಕೊಟ್ಟರೆ ಕಟ್ಟುಕೊಡಗೆ. ಕೊಡಿಗೇಹಳ್ಳಿ ಅನ್ನೋ ಹೆಸರಿನ ಊರುಗಳು ಕರ್ನಾಟಕದಲ್ಲಿ ಹಲವು ಇವೆ. ಬೆಂಗಳೂರಲ್ಲೇ ಕೆ.ಆರ್.ಪುರದ ಕಡೆ ಇನ್ನೊಂದಿದೆ.

ಈ ವ್ಯವಸ್ಥೆ ಎಷ್ಟು ಹಳೇದು ಅಂತ ನೋಡಬೇಕಾದ್ರೆ ನಗರದ ಆ ತುದಿಗೆ, ಅಗರಕ್ಕೆ ಹೋಗಬೇಕು. ಈಗ ಎಚ್‌ಎಸ್‌ಆರ್ ಲೇಔಟ್ ಪಕ್ಕ ಇರೋ ಅಗರ. ಅಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 870ರ ಶಾಸನ ಒಂದಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಇನ್ನೊಂದು ಕೆರೆ ಕಟ್ಟಿಸಿದ, ಅದಕ್ಕೆ ಪ್ರತಿಯಾಗಿ ಮೂರು ಕೆರೆಗಳ ಬಿತ್ತುವಟ್ಟ ಪಡೆದ ಅಂತ ಅದು ಹೇಳುತ್ತೆ. ಬಿತ್ತುವಟ್ಟ ಅಂದ್ರೆ ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಸಿಗ್ತಿದ್ದ ಭೂಮಿಯ ಹಕ್ಕು. ಕೆರೆಯ ಹೂಳು ತೆಗೆಯೋ ಬಂಡಿಗಾಗಿಯೇ ದತ್ತಿ ಬಿಟ್ಟ ಶಾಸನಗಳೂ ಇವೆ. ತೂಬು ತೆಗೆದು ಗದ್ದೆಗೆ ನೀರು ಹಂಚೋ ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಹೋಗ್ತಿತ್ತು. ಗಮನಿಸಿ, ಇಲ್ಲಿ ಯಾರೂ ಪುಕ್ಕಟೆ ಮಾಡ್ತಿಲ್ಲ. ಕೆಲಸಕ್ಕೆ ಒಬ್ಬ ಮನುಷ್ಯ, ಆ ಮನುಷ್ಯನಿಗೆ ಒಂದು ಆದಾಯ, ಎರಡನ್ನೂ ಕಲ್ಲಲ್ಲಿ ಕೆತ್ತಿಸಿ ಇಟ್ಟಿದ್ದಾರೆ.

ಇನ್ನು ತೋಟದ ವಿಷಯ. ಹಳೇ ಹಳ್ಳಿಗಳಿಗೆ ಪಾರ್ಕ್ ಅಂತ ಇರಲಿಲ್ಲ, ಗುಂಡುತೋಪು ಇತ್ತು. ಮಾವು, ಹಲಸು, ನೇರಳೆ, ಹುಣಸೆ ಬೆಳೆಸಿದ ಊರ ಸಾಮೂಹಿಕ ಜಾಗ. ದನ ಮೇಯಿಸೋರು ಮಧ್ಯಾಹ್ನ ಮಲಗ್ತಿದ್ರು, ಮಕ್ಕಳು ಆಡ್ತಿದ್ರು, ಹಬ್ಬದಲ್ಲಿ ಅಲ್ಲೇ ಅಡುಗೆ, ಊಟ. ಹಣ್ಣಿನ ಫಸಲನ್ನ ಹರಾಜು ಹಾಕೋ ಪದ್ಧತಿಯೂ ಇತ್ತು. ಅಂದ್ರೆ ತೋಪು ತನ್ನ ಖರ್ಚಿಗೆ ತಾನೇ ಒಂದಿಷ್ಟು ದುಡೀತಿತ್ತು. ಕಂದಾಯ ದಾಖಲೆಗಳಲ್ಲಿ ಗುಂಡುತೋಪು ಅನ್ನೋ ಹೆಸರು ಈಗಲೂ ಸಿಗುತ್ತೆ. ಸ್ಥಳಕ್ಕೆ ಹೋದ್ರೆ ಎಷ್ಟೋ ಕಡೆ ಶಾಲೆ, ಬಸ್ ನಿಲ್ದಾಣ, ಸರ್ಕಾರಿ ಕಟ್ಟಡ ಎದ್ದಿರುತ್ತೆ.

ಹಾಗಾದ್ರೆ ಹಿಂದಿನದೆಲ್ಲ ಚೆನ್ನಾಗಿತ್ತಾ? ಇಲ್ಲೇ ಕಥೆ ಸ್ವಲ್ಪ ಕಹಿ ಆಗೋದು. ದತ್ತಿ ಸಿಕ್ಕಿದ್ದು ಸಿರಿಮಯ್ಯನಂಥವರಿಗೆ. ಮಣ್ಣು ಹೊತ್ತವರ ಹೆಸರು ಕಲ್ಲಿನ ಮೇಲೆ ಇಲ್ಲ. ಕರ್ನಾಟಕದ ಕೆರೆಗಳ ಬಗ್ಗೆ ಸಂಶೋಧನೆ ಮಾಡಿದ ಏಷಾ ಶಾ 2008ರ ಒಂದು ಲೇಖನದಲ್ಲಿ ಇದೇ ಪ್ರಶ್ನೆ ಎತ್ತಿದ್ರು. ಊರವರು ಖುಷಿಯಿಂದ ಸೇರಿ ಕೆರೆ ನೋಡಿಕೊಂಡ್ರು ಅನ್ನೋ ಚಿತ್ರದ ಹಿಂದೆ ಬಲವಂತದ ದುಡಿಮೆ, ಜಾತಿಯ ಒತ್ತಾಯ ಇದೆ ಅನ್ನೋದು ಅವರ ವಾದ. ‘ಕೆರೆಗೆ ಹಾರ’ ಕಥೆ ಶಾಲೆಯಲ್ಲಿ ಕೇಳಿರ್ತೀರ. ಕೆರೆಗೆ ನೀರು ಬರಲಿ ಅಂತ ಬಲಿಯಾದವಳು ಮನೆಯ ಕಿರಿಸೊಸೆ ಭಾಗೀರಥಿ.

ನಾವು ದಿನಾ ಬಳಸೋ ‘ಬಿಟ್ಟಿ’ ಅನ್ನೋ ಪದಕ್ಕೂ ಈ ಇತಿಹಾಸ ಅಂಟಿಕೊಂಡಿದೆ. ಸಂಸ್ಕೃತದ ವಿಷ್ಟಿ ಕನ್ನಡದಲ್ಲಿ ಬಿಟ್ಟಿ ಆಯ್ತು. ಕೂಲಿ ಕೊಡದೆ ಕಡ್ಡಾಯವಾಗಿ ಮಾಡಿಸೋ ಕೆಲಸ ಅಂತ ಅರ್ಥ. ಬಿಟ್ಟಿಗೂ ಸ್ವಯಂಸೇವೆಗೂ ಹೊರಗಿಂದ ನೋಡಿದ್ರೆ ವ್ಯತ್ಯಾಸ ಕಾಣಲ್ಲ, ಎರಡರಲ್ಲೂ ಕೂಲಿ ಇಲ್ಲ. ಆದ್ರೆ ‘ಇವತ್ತು ಬರಲ್ಲ’ ಅಂತ ಹೇಳೋ ಸ್ವಾತಂತ್ರ್ಯ ಒಂದರಲ್ಲಿದೆ, ಇನ್ನೊಂದರಲ್ಲಿ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ದುಡಿಮೆಗೆ ಹೊಸ ಹೆಸರು ಬಂತು. 1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಶಿ ವನಮಹೋತ್ಸವ ಶುರು ಮಾಡಿದ್ರು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಶ್ರಮದಾನ ಅನ್ನೋ ಮಾತು ಹಳ್ಳಿ ಹಳ್ಳಿಗೆ ಹೋಯ್ತು. 1969ರ ಸೆಪ್ಟೆಂಬರ್ 24ಕ್ಕೆ ಎನ್‌ಎಸ್‌ಎಸ್ ಬಂತು. ಕಾಲೇಜಲ್ಲಿ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದವರಿಗೆ ಗೊತ್ತು, ಗುಂಡಿ ತೋಡಿ ಸಸಿ ನೆಡೋ ಉತ್ಸಾಹ ಎಷ್ಟಿರುತ್ತೆ ಅಂತ. ಕ್ಯಾಂಪ್ ಮುಗಿದ ಮೇಲೆ ಬೇಸಿಗೆ ಬರುತ್ತೆ.

ಈ ಸೋಮವಾರದ ನೀರಿನ ಸಮಸ್ಯೆಗೆ ಉತ್ತರ ಬೆಂಗಳೂರು ಎರಡು ಬೇರೆ ಬೇರೆ ಉತ್ತರ ನೋಡಿದೆ. ಮೊದಲನೇದು ಹೆಬ್ಬಾಳ. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ ಕೆರೆಯನ್ನ ಒಂದು ಹೋಟೆಲ್ ಕಂಪನಿಗೆ, ನಾಗವಾರ ಕೆರೆಯನ್ನ ಇನ್ನೊಂದು ಕಂಪನಿಗೆ ಗುತ್ತಿಗೆ ಕೊಡ್ತು. ನಿರ್ವಹಣೆ ಖರ್ಚು ಕಂಪನಿಯದು, ಬದಲಿಗೆ ಆದಾಯ ಮಾಡಿಕೊಳ್ಳೋ ಅವಕಾಶ. ಇದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯ್ತು. ಕೆರೆಗಳನ್ನ ಇನ್ಮುಂದೆ ಹೀಗೆ ಖಾಸಗೀಕರಣ ಮಾಡಬಾರದು ಅಂತ 2012ರಲ್ಲಿ ಹೈಕೋರ್ಟು ಹೇಳ್ತು.

ಎರಡನೇದು ಪಕ್ಕದ ಜಕ್ಕೂರು. ಅಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ. ಅಲ್ಲಿಂದ ಬರೋ ನೀರು ಜೊಂಡು ಬೆಳೆದ ಜೌಗು ಜಾಗ ದಾಟಿ ಕೆರೆಗೆ ಸೇರುತ್ತೆ. ಮೀನು ಹಿಡಿಯೋರಿಗೆ ಅಲ್ಲಿ ಜೀವನ ಇದೆ. ಜಲಪೋಷಣ ಅನ್ನೋ ನಾಗರಿಕರ ಟ್ರಸ್ಟ್ ಪಾಲಿಕೆ ಜೊತೆ ನಿಂತು ಕೆರೆ ಕಾಯೋ ಕೆಲಸ ಮಾಡಿದೆ. ಇಲ್ಲಿ ಸ್ವಯಂಸೇವಕರು ಘಟಕ ನಡೆಸಲ್ಲ, ಅದು ಜಲಮಂಡಳಿಯ ಕೆಲಸ. ಜನ ಮಾಡೋದು ಕಣ್ಣಿಡೋದು, ಕೇಳೋದು, ಜೊತೆಗೆ ಕೈ ಹಾಕೋದು.

2010ರ ಸುಮಾರಿಗೆ ಬೆಂಗಳೂರಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಗುಂಪು ನೆನಪಿದೆಯಾ? ಹೆಸರು ಹೇಳಿಕೊಳ್ಳದೆ, ಭಾಷಣ ಇಲ್ಲದೆ, ಕಸದ ಮೂಲೆಗಳನ್ನ ಒಂದೊಂದಾಗಿ ಸರಿ ಮಾಡ್ತಾ ಹೋದವರು. ಅವರಿಂದ ಕಲಿಯೋದೂ ಇದನ್ನೇ. ಮೂಲೆ ಯಾಕೆ ಗಲೀಜಾಗ್ತಿದೆ ಅಂತ ಮೊದಲು ತಿಳ್ಕೊಬೇಕು. ಅದು ಅಲ್ಲಿ ದಿನಾ ಗುಡಿಸೋ ಪೌರಕಾರ್ಮಿಕರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತೆ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಕಡೆ ಮೊದಲು ಬ್ಯಾಟರಾಯನಪುರ ನಗರಸಭೆ ಇತ್ತು. 2007ರಲ್ಲಿ ಅದು ಬಿಬಿಎಂಪಿಗೆ ಸೇರಿತು. 2025ರಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆಗಳಾದವು. ಬೋರ್ಡು ಬದಲಾಯ್ತು, ಪಾರ್ಕು ಅಲ್ಲೇ ಇದೆ. ಪಾಲಿಕೆ ಪಾರ್ಕುಗಳನ್ನ ಸಾಮಾನ್ಯವಾಗಿ ನೋಡಿಕೊಳ್ಳೋದು ಗುತ್ತಿಗೆದಾರ, ಅವನ ಕೆಳಗೆ ದುಡಿಯೋ ಮಾಲಿ. ಭಾನುವಾರ ನಾವು ಇಪ್ಪತ್ತು ಜನ ಹೋಗಿ ಪುಕ್ಕಟೆ ಕಳೆ ಕಿತ್ತರೆ, ಆ ಕೆಲಸಕ್ಕೆ ಅಂತ ಇಟ್ಟ ದುಡ್ಡು ಎಲ್ಲಿ ಹೋಯ್ತು ಅಂತಲೂ ಕೇಳಬೇಕಲ್ವಾ? ಕೇಳದೇ ಇದ್ರೆ ನಮ್ಮ ಶ್ರಮದಾನ ಮಾಲಿಗಲ್ಲ, ಗುತ್ತಿಗೆದಾರನಿಗೆ ಮಾಡಿದ ದಾನ ಆಗುತ್ತೆ.

ಹಾಗಂತ ಗುದ್ದಲಿ ಕೆಳಗಿಡಿ ಅಂತ ನಾನು ಹೇಳ್ತಿಲ್ಲ. ನಾನೂ ಹೋಗ್ತೀನಿ, ಇನ್ಮುಂದೂ ಹೋಗ್ತೀನಿ. ಮಣ್ಣಲ್ಲಿ ಕೈ ಇಟ್ಟವರು ಕೇಳೋ ಪ್ರಶ್ನೆಗೆ ತೂಕ ಜಾಸ್ತಿ. ಹೋದಾಗ ಮೊದಲು ಮಾಲಿಯನ್ನ ಮಾತಾಡ್ಸಿ. ಪೈಪ್ ಎಲ್ಲಿ ಒಡೆದಿದೆ, ಸಂಬಳ ಸರಿಯಾಗಿ ಬರ್ತಿದೆಯಾ, ಯಾವ ಗಿಡ ಉಳಿಯಲ್ಲ ಅಂತ ಅವರನ್ನೇ ಕೇಳಿ. ಮರದ ಕೊಂಬೆ ಕಡಿಯೋ ಮುಂಚೆ ಅರಣ್ಯ ವಿಭಾಗದ ಅನುಮತಿ ಬೇಕು, 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಪಾರ್ಕಿನ ಜಾಗದಲ್ಲಿ ಯಾರಾದ್ರೂ ಕಟ್ಟಡ ಎಬ್ಬಿಸೋಕೆ ಬಂದ್ರೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ನಿಮ್ಮ ಕೈಯಲ್ಲಿರಲಿ. ನಿರ್ವಹಣೆಯ ಗುತ್ತಿಗೆ ಯಾರದು, ಎಷ್ಟಕ್ಕೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.

ಮುಂದಿನ ಎಪಿಸೋಡಿಗೆ ನಿಮ್ಮಿಂದ ಒಂದು ಸಹಾಯ ಬೇಕು. ಮನೆಯಲ್ಲಿ ಅಜ್ಜಿ, ತಾತ ಇದ್ರೆ ಕೇಳಿ, ಅವರ ಊರಿನ ಗುಂಡುತೋಪು ಎಲ್ಲಿತ್ತು, ಈಗ ಅಲ್ಲಿ ಏನಿದೆ ಅಂತ. ಅವರು ಹೇಳಿದ್ದನ್ನ ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿ. ಚೆನ್ನಾಗಿರೋದನ್ನ ಆಯ್ದು ಕೇಳಿಸ್ತೀನಿ. ಅಲ್ಲಿವರೆಗೂ, ನಮಸ್ಕಾರ.